ನೆಲದಡಿಯ ನೆಲ ಮೇಲೆದ್ದ ಸೀಮೆ

ಕನಕಪುರ ದಾಟಿ ಸಾತನೂರು, ಹಲಗೂರು, ಮಳವಳ್ಳಿಗಳ ಮೇಲೆ ಕೊಳ್ಳೇಗಾಲದ ಬಸ್ಸು ಹಿಡಿದವರು ತಮಗೆ ತಿಳಿಯದೆಯೇ ಭೂಮಿಯ ಆಳಕ್ಕೆ ಇಳಿಯುತ್ತಿರುತ್ತಾರೆ. ರಸ್ತೆಯೇನೂ ಇಳಿಯುವುದಿಲ್ಲ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೋ, ಹನೂರಿನ ಮೇಲೆ ಮಾದಪ್ಪನ ಬೆಟ್ಟಕ್ಕೋ ಹೊರಟರೆ ಅದು ಏರುತ್ತಲೇ ಹೋಗುತ್ತದೆ. ಆದರೆ ದಕ್ಷಿಣಕ್ಕೆ ಸರಿದಷ್ಟೂ ಅಕ್ಕಪಕ್ಕದ ಬಂಡೆಗಳು ಒಂದು ಕಾಲಕ್ಕೆ ಇನ್ನಷ್ಟು, ಮತ್ತಷ್ಟು ಆಳದಲ್ಲಿ ಹೂತಿದ್ದವು. ಸಾತನೂರಿನ ಬಳಿಯ ಕಬ್ಬಾಳದುರ್ಗದ ಸುತ್ತಿನ ಬಂಡೆಗಳು ಹದಿನೇಳು ಹದಿನೆಂಟು ಕಿಲೋಮೀಟರ್ ಕೆಳಗೆ ಕಾದವು. ಬಿಳಿಗಿರಿಯವು ಸುಮಾರು 25 ಕಿಲೋಮೀಟರ್ ಕೆಳಗೆ. ಎವರೆಸ್ಟ್ ಶಿಖರದ ಎತ್ತರ ಒಂಬತ್ತು ಕಿಲೋಮೀಟರ್ ಕೂಡ ಇಲ್ಲ ಎಂಬುದನ್ನು ನೆನೆದರೆ, ಈ ಬೆಟ್ಟದ ತುದಿಯಲ್ಲಿ ನಿಂತವನ ಕಾಲಡಿಯ ಕಲ್ಲು ಎಲ್ಲಿಂದ ಎದ್ದು ಬಂದಿದೆ ಎಂಬುದರ ಅಂದಾಜು ಸಿಗುತ್ತದೆ.

ಆ ಆಳದಲ್ಲಿ ಕಲ್ಲಿನ ಮೇಲೆ ಬೀಳುವ ಒತ್ತಡ ನಾವು ಹೊತ್ತಿರುವ ಗಾಳಿಯ ಒತ್ತಡದ ಏಳೆಂಟು ಸಾವಿರ ಪಟ್ಟು. ಶಾಖ 700ರಿಂದ 800 ಡಿಗ್ರಿ ಸೆಲ್ಸಿಯಸ್. ಅಷ್ಟು ಕಾದರೂ ಕಲ್ಲು ಪೂರ್ತಿ ಕರಗುವುದಿಲ್ಲ. ಗಟ್ಟಿಯಾಗಿದ್ದುಕೊಂಡೇ ಒಳಗಿನ ಕಣಗಳನ್ನು ಬದಲಿಸಿಕೊಳ್ಳುತ್ತದೆ. ಒಂದು ಖನಿಜದ ಪರಮಾಣುಗಳು ಮೆಲ್ಲಗೆ ಪಕ್ಕಕ್ಕೆ ಸರಿದು ಮತ್ತೊಂದು ಖನಿಜವಾಗಿ ಕೂಡುತ್ತವೆ. ಒತ್ತಡ ಒಂದೇ ದಿಕ್ಕಿನಿಂದ ಹೆಚ್ಚಿದ್ದರೆ ಹೊಸ ಕಣಗಳು ಸಾಲುಗಟ್ಟುತ್ತವೆ, ಬೆಣಚುಕಲ್ಲಿನ ಬಿಳಿ ಒಂದು ಕಡೆಗೆ, ಕಪ್ಪು ಖನಿಜಗಳು ಇನ್ನೊಂದು ಕಡೆಗೆ ಸರಿದು ಪಟ್ಟೆ ಮೂಡುತ್ತದೆ. ಇದೇ ನೈಸ್. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಶಿವನಸಮುದ್ರದ ಭರಚುಕ್ಕಿಯ ಬಳಿ ಬರಿದಾಗುವ ಬಂಡೆಗಳನ್ನು ನೋಡಬೇಕು. ನೀರು ಉಜ್ಜಿ ನುಣುಪಾದ ಮೈ ಮೇಲೆ ಪಟ್ಟೆಗಳು ಮಡಿಸಿಕೊಂಡು, ತಿರುಚಿಕೊಂಡು ಹರಿದಿರುತ್ತವೆ. ಕಲ್ಲು ಬಾಗುತ್ತದೆ ಎಂದು ನಂಬದವರು ಅಲ್ಲಿ ನಂಬುತ್ತಾರೆ.

ಈ ಸೀಮೆಯ ಹೆಗ್ಗಳಿಕೆ ಮಾತ್ರ ನೈಸ್ ಅಲ್ಲ, ಅದರ ಮುಂದಿನ ಹಂತವಾದ ಚಾರ್ನೊಕೈಟ್. ಒಡೆದ ಮುಖದಲ್ಲಿ ಎಣ್ಣೆ ಸವರಿದಂತೆ ಮಿರುಗುವ, ಹಸಿರು ಬೆರೆತ ಬೂದುಬಣ್ಣದ ಗಡಸು ಕಲ್ಲು ಇದು. ಇದಕ್ಕೆ ಹೆಸರು ಬಂದದ್ದು ಕೋಲ್ಕತ್ತದ ಒಂದು ಗೋರಿಯಿಂದ. ಸೇಂಟ್ ಜಾನ್ಸ್ ಚರ್ಚಿನ ಆವರಣದಲ್ಲಿರುವ ಜಾಬ್ ಚಾರ್ನೊಕ್‌ನ ಗೋರಿಕಲ್ಲು ಮದ್ರಾಸಿನ ಕಡೆಯದು ಎಂದು ಗುರುತಿಸಿದ ಭೂವಿಜ್ಞಾನಿ ಥಾಮಸ್ ಹಾಲಂಡ್, 1893ರಲ್ಲಿ ಆ ಬಗೆಯ ಶಿಲೆಗೆಲ್ಲ ಅವನ ಹೆಸರಿಟ್ಟರು. ಹೆಸರು ಅಲ್ಲಿಯದಾದರೂ, ಈ ಕಲ್ಲು ಹುಟ್ಟುವ ಬಗೆ ಗೊತ್ತಾಗಲು ಹಳೇ ಮೈಸೂರಿನ ನೆಲವೇ ಬೇಕಾಯಿತು.

1960ರಲ್ಲಿ ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದರು. ಕಬ್ಬಾಳದುರ್ಗದ ಕ್ವಾರಿಯೊಂದರಲ್ಲಿ ತಿಳಿ ಬೂದಿಯ ನೈಸ್ ಮೇಲೆ ಕಪ್ಪನೆಯ ಕಲೆಗಳು, ಗೆರೆಗಳು ಹಬ್ಬಿದ್ದವು. ಆ ಕಪ್ಪು ಬೇರೆಡೆಯಿಂದ ಬಂದು ಸೇರಿದ ಕಲ್ಲಲ್ಲ, ನೈಸೇ ಅಲ್ಲಲ್ಲಿ ಚಾರ್ನೊಕೈಟ್ ಆಗುತ್ತಾ ಅರ್ಧಕ್ಕೆ ನಿಂತಿದೆ ಎಂದು ಅವರು ತೋರಿಸಿದರು. ನೈಸ್‌ನ ಪಟ್ಟೆ ಕಪ್ಪು ಕಲೆಯ ಅಂಚು ತಲುಪುತ್ತಿದ್ದಂತೆ ಅಳಿಸಿಹೋಗಿರುತ್ತದೆ. ಶಿಲೆ ಬದಲಾಗುವ ಗಳಿಗೆಯನ್ನು ಹೀಗೆ ಹಿಡಿದಿಟ್ಟ ಜಾಗ ಜಗತ್ತಿನಲ್ಲಿ ಬಹಳ ಇಲ್ಲ. ದೇಶವಿದೇಶದ ಭೂವಿಜ್ಞಾನಿಗಳು ಆ ಕ್ವಾರಿಗೆ ಬಂದುಹೋಗಿದ್ದಾರೆ. ನನ್ನ ಮಟ್ಟಿಗೆ ಕನ್ನಡನಾಡಿನ ವಿಜ್ಞಾನ ಚರಿತ್ರೆಯ ಬಹು ದೊಡ್ಡ ದಿನಗಳಲ್ಲಿ ಅದೊಂದು.

ಅಲ್ಲಿ ನಡೆದದ್ದೇನು? ನೈಸ್‌ನಲ್ಲಿರುವ ಕಪ್ಪು ಅಭ್ರಕ, ಅಂದರೆ ನಮ್ಮ ಕಾಗೆಬಂಗಾರದ ಜಾತಿಯದು, ಮತ್ತು ಹಾರ್ನ್‌ಬ್ಲೆಂಡ್ ಎಂಬ ಖನಿಜಗಳ ರಚನೆಯಲ್ಲೇ ನೀರಿನ ಅಂಶ ಸೇರಿಕೊಂಡಿರುತ್ತದೆ. ಶಾಖ ಮಿತಿ ಮೀರಿದಾಗ ಆ ನೀರು ಬಿಟ್ಟುಹೋಗುತ್ತದೆ, ಉಳಿದದ್ದು ನೀರಿಲ್ಲದ ಪೈರಾಕ್ಸೀನ್ ಆಗುತ್ತದೆ. ಪೈರಾಕ್ಸೀನ್ ಮೂಡಿದರೆ ಕಲ್ಲು ಚಾರ್ನೊಕೈಟ್ ಆಯಿತೆಂದೇ ಲೆಕ್ಕ. ನೀರನ್ನು ಓಡಿಸಿದ್ದು ಯಾವುದು ಎಂಬುದರ ಮೇಲೆ ದಶಕಗಳ ವಾದ ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್, ಅಮೆರಿಕದ ರಾಬರ್ಟ್ ನ್ಯೂಟನ್ ಮತ್ತು ಎಡ್ವರ್ಡ್ ಹ್ಯಾನ್ಸನ್ 1982ರಲ್ಲಿ ದಕ್ಷಿಣ ಕರ್ನಾಟಕ ಮತ್ತು ಅದಕ್ಕೆ ತಾಗಿದ ತಮಿಳುನಾಡಿನ ಬಂಡೆಗಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಇನ್ನೂ ಕೆಳಗಿನಿಂದ ಬಿರುಕುಗಳಗುಂಟ ಮೇಲೇರಿದ ಇಂಗಾಲದ ಡೈಆಕ್ಸೈಡ್ ಕಡೆಗೆ ಬೊಟ್ಟು ಮಾಡಿದರು. ಈ ಕಲ್ಲುಗಳ ಬೆಣಚುಕಣಗಳೊಳಗೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಗುಳ್ಳೆಗಳಲ್ಲಿ ಆ ಅನಿಲ ಇಂದಿಗೂ ಸೆರೆಯಾಗಿದೆ. ಕಲ್ಲು ಅರೆಬರೆ ಕರಗಿದಾಗ ಆ ಕರಗಿದ ದ್ರವವೇ ನೀರನ್ನು ಹೀರಿ ಹೊರಟುಹೋಯಿತು ಎಂಬುದು ಇನ್ನೊಂದು ವಾದ. ಎರಡೂ ಬೇರೆ ಬೇರೆ ಜಾಗಗಳಲ್ಲಿ ನಡೆದಿರಬಹುದು.

ಕಬ್ಬಾಳದಲ್ಲಿ ಕಲೆಗಳಾಗಿದ್ದದ್ದು ಕೊಳ್ಳೇಗಾಲ ದಾಟಿ ಬಿಳಿಗಿರಿ ತಲುಪುವಷ್ಟರಲ್ಲಿ ಇಡೀ ಬೆಟ್ಟಸಾಲೇ ಆಗುತ್ತದೆ. ಇಲ್ಲಿ ಬದಲಾವಣೆ ಅರ್ಧಕ್ಕೆ ನಿಲ್ಲಲಿಲ್ಲ. ಮೂಲ ಶಿಲೆಗಳಲ್ಲಿ ಕೆಲವು 300 ಕೋಟಿ ವರ್ಷಕ್ಕೂ ಹಳೆಯವು. ಅವುಗಳನ್ನು ಕಾಯಿಸಿ ಈ ರೂಪಕ್ಕೆ ತಂದ ದೊಡ್ಡ ಶಾಖ ಸುಮಾರು 250 ಕೋಟಿ ವರ್ಷಗಳ ಹಿಂದಿನದು. ರಾಮನಗರದ ಗುಡ್ಡಗಳಾಗಿ ನಿಂತಿರುವ ಕ್ಲೋಸ್‌ಪೇಟೆ ಗ್ರಾನೈಟ್ ಕರಗಿ ಮೇಲೆದ್ದದ್ದೂ ಹೆಚ್ಚುಕಡಿಮೆ ಆಗಲೇ. ಮೇಲಿನ 25 ಕಿಲೋಮೀಟರ್ ನೆಲವನ್ನು ಮಳೆ, ಗಾಳಿ, ಹೊಳೆಗಳು ಸವೆಸಿ ಹೊತ್ತೊಯ್ದ ಹಾಗೆಲ್ಲ ಭಾರ ತಗ್ಗಿ ಕೆಳಗಿನದು ಮೇಲೆದ್ದಿತು. ದಕ್ಷಿಣದ ತುದಿ ಹೆಚ್ಚು ಎದ್ದಿತು, ಉತ್ತರದ್ದು ಕಡಿಮೆ. ಹಾಗಾಗಿಯೇ ನೂರಾರು ಕಿಲೋಮೀಟರ್ ಉದ್ದಕ್ಕೆ ಭೂಮಿಯ ಹೊರಪದರದ ಓರೆಸೀಳು ನಮ್ಮ ಕಣ್ಣಿಗೆ ಬಿದ್ದಿದೆ. ಇಷ್ಟಾದ ಮೇಲೂ ಬಿಳಿಗಿರಿಯ ಅಡಿಯಲ್ಲಿ ಕಡಿಮೆಯೆಂದರೂ ಇನ್ನೂ 35 ಕಿಲೋಮೀಟರ್ ದಪ್ಪದ ಹೊರಪದರ ಉಳಿದಿದೆ.

ಈ ಬೆಟ್ಟಸಾಲನ್ನು ಒಂದಾಗಿ ಓದುವುದು ಬಹಳ ಕಾಲದವರೆಗೆ ಸಾಧ್ಯವಾಗಲಿಲ್ಲ. ಯಳಂದೂರು ಮೈಸೂರು ಸಂಸ್ಥಾನದ್ದು, ಕೊಳ್ಳೇಗಾಲ 1956ರವರೆಗೆ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯದು. 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಯ ಕೆಲಸ ಗಡಿಕಲ್ಲಿನವರೆಗೆ ಮಾತ್ರ.

ಚಾಮರಾಜನಗರ ಜಿಲ್ಲೆಯ ಕಲ್ಲು ಎಂದರೆ ಹೊರಗಿನವರಿಗೆ ನೆನಪಾಗುವುದು ಕರಿಕಲ್ಲು. ವ್ಯಾಪಾರದಲ್ಲಿ ಅದಕ್ಕೆ ಕಪ್ಪು ಗ್ರಾನೈಟ್ ಎನ್ನುತ್ತಾರೆ; ಅದು ಗ್ರಾನೈಟೂ ಅಲ್ಲ, ಚಾರ್ನೊಕೈಟೂ ಅಲ್ಲ. ನೈಸ್ ತಣ್ಣಗಾದ ಎಷ್ಟೋ ಕಾಲದ ಮೇಲೆ ಬಿರುಕುಗಳೊಳಗೆ ನುಗ್ಗಿ ಹೆಪ್ಪುಗಟ್ಟಿದ ಶಿಲಾರಸ, ಡೋಲರೈಟ್. ಈ ಶಾಖ ಒತ್ತಡಗಳ ಪಾಡು ಅದು ಪಟ್ಟಿಲ್ಲ, ಆದ್ದರಿಂದಲೇ ಅದರಲ್ಲಿ ಪಟ್ಟೆಯಿಲ್ಲ, ಪಾಲಿಶ್ ಕನ್ನಡಿಯಂತೆ ಕೂರುತ್ತದೆ. ಹಣ ತರುವ ಕಲ್ಲಿನ ಗುರುತು ಎಲ್ಲರಿಗೂ ಇದೆ, ಅದನ್ನು ಒಡಲಲ್ಲಿ ಹೊತ್ತ ಹಳೆಯ ಕಲ್ಲಿನದು ಇಲ್ಲ. ಯಳಂದೂರಿಗೆ ಬಂದವರು ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳನ್ನು ನೋಡಿ ಬೆರಗಾಗುತ್ತಾರೆ, ಗುಂಬಳ್ಳಿ ದಾಟಿ ಬೆಟ್ಟ ಹತ್ತುವಾಗ ರಸ್ತೆಗೆಂದು ಕಡಿದ ಬಂಡೆಯತ್ತ ತಿರುಗುವುದಿಲ್ಲ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುವ ಭಕ್ತರ ಅಂಗಾಲಿಗೆ ಈ ಕಲ್ಲಿನ ಗಡಸು ಗೊತ್ತು, ಅದರ ಕಥೆ ಹೇಳಿದವರಿಲ್ಲ.

ಕಥೆಗೂ ಬದುಕಿಗೂ ನೇರ ನಂಟಿದೆ. ನೀರು ಕಳೆದುಕೊಂಡೇ ಹುಟ್ಟಿದ ಈ ಬಂಡೆಯ ಕಣಗಳ ನಡುವೆ ಮಳೆನೀರು ಇಂಗುವ ಜಾಗವಿಲ್ಲ. ಬಿರುಕು ಇದ್ದಲ್ಲಿ, ಮೇಲ್ಪದರ ಶಿಥಿಲವಾಗಿ ಮಣ್ಣಾದಲ್ಲಿ ಮಾತ್ರ ನೀರು ನಿಲ್ಲುತ್ತದೆ. ಹನೂರಿನಂಥ ಒಣಸೀಮೆಯಲ್ಲಿ ಒಂದು ಹೊಲದ ಕೊಳವೆಬಾವಿಯಲ್ಲಿ ನೀರು ಬಂದು, ಬದುವಿನಾಚೆಯದು ಬರಿದೇ ಆಗುವುದು ಇದರಿಂದ.

ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನ ಚಾರ್ನೊಕೈಟ್ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಂಗಳೂರಿನ ಲಾಲ್‌ಬಾಗಿನ ನೈಸ್ ಬಂಡೆಯೂ ಹೌದು. ಚಾಮರಾಜನಗರ ಜಿಲ್ಲೆಯ ಯಾವ ಬಂಡೆಗೂ ಆ ಮನ್ನಣೆ ಇಲ್ಲ. ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಅಲ್ಲಿ ಸುತ್ತಿಗೆ ಹಿಡಿದು ಓಡಾಡುವಂತಿಲ್ಲ, ಹಿಡಿಯುವುದೂ ಬೇಡ. ಭರಚುಕ್ಕಿಯ ಮೆಟ್ಟಿಲ ಬಳಿ, ಗುಂಬಳ್ಳಿಯಲ್ಲಿ, ತಾಳಬೆಟ್ಟದಲ್ಲಿ ಒಂದೊಂದು ಕನ್ನಡ ಫಲಕ ನೆಟ್ಟು ಕಲ್ಲಿನ ಹೆಸರು, ವಯಸ್ಸು, ಅದು ಬಂದ ಆಳ ಇಷ್ಟನ್ನು ಬರೆದರೆ ಸಾಕು. ಕೊಳ್ಳೇಗಾಲದ ಹೈಸ್ಕೂಲಿನ ಮಕ್ಕಳು ರೂಪಾಂತರ ಶಿಲೆಯ ಪಾಠವನ್ನು ಅಲ್ಲಿಯೇ ನಿಂತು ಕಲಿಯಬಹುದು.