ಬೀಳುವ ಕೋಟೆಗೆ ಸೊಸೆಯೇ ಯಾಕೆ?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯಿಂದ ಕೇಳ್ತಿರೋರಿಗೆ ಇವತ್ತಿನ ಕಥೆ ತುಂಬಾ ಹತ್ತಿರದ್ದು. ಬೆಂಗಳೂರು ಕೋಟೆ ಕಟ್ಟಿಸಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳು, ಅಲ್ವಾ? 1537ರಲ್ಲಿ ಅವರು ಕಟ್ಟಿಸಿದ್ದು ಮಣ್ಣಿನ ಕೋಟೆ.

ಅದರ ಬಗ್ಗೆ ಒಂದು ಐತಿಹ್ಯ ಇದೆ. ಹಗಲು ನಿಲ್ಲಿಸಿದ ಹೆಬ್ಬಾಗಿಲು ರಾತ್ರಿ ಬಿದ್ದುಹೋಗ್ತಿತ್ತಂತೆ. ಗರ್ಭಿಣಿಯನ್ನು ಬಲಿ ಕೊಟ್ಟರೆ ನಿಲ್ಲುತ್ತೆ ಅಂದರಂತೆ. ಕೆಂಪೇಗೌಡರು ಒಪ್ಪಲಿಲ್ಲ. ಆದರೆ ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮೀದೇವಿ ರಾತ್ರೋರಾತ್ರಿ ಹೋಗಿ ತಾನೇ ಬಲಿಯಾದಳು. ಬಾಗಿಲು ನಿಂತಿತು. ಕೋರಮಂಗಲದಲ್ಲಿ ಅವಳ ಗುಡಿ ಈಗಲೂ ಇದೆ.

ಇನ್ನು ಇತಿಹಾಸಕ್ಕೆ ಬರೋಣ. ಕೆ.ಆರ್. ಮಾರ್ಕೆಟ್ ಹತ್ತಿರ ಇವತ್ತು ಕಾಣೋ ಕಲ್ಲಿನ ಬಾಗಿಲು ಆ ಕಥೆಯ ಬಾಗಿಲಲ್ಲ. ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸೋಕೆ ಶುರು ಮಾಡಿದ್ದು ಹೈದರ್ ಅಲಿ, 1761ರಲ್ಲಿ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೇನೆ ಗೋಡೆ ಒಡೆದು ನುಗ್ಗಿತು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಆ ದಾಳಿಯ ನೆನಪಿಗೆ ಹಾಕಿದ ಫಲಕ ಗೋಡೆಯಲ್ಲಿದೆ. ಆಮೇಲೆ ಕೋಟೆಯ ಬಹುಪಾಲು ನೆಲಸಮವಾಗಿ, ದೆಹಲಿ ಬಾಗಿಲಿನ ಸುತ್ತಲಿನ ಒಂದು ತುಣುಕು ಮಾತ್ರ ಉಳಿದಿದೆ. ಹಿಂದೆ ಕೋಟೆಯೊಳಗೇ ಇದ್ದ ಟಿಪ್ಪು ಬೇಸಿಗೆ ಅರಮನೆಯಲ್ಲಿ ಈಗ ಪುಟ್ಟ ಮ್ಯೂಸಿಯಂ ಇದೆ.

ಲಕ್ಷ್ಮೀದೇವಿಯ ಕಥೆ ನಮ್ಮೂರಿಗಷ್ಟೇ ಸೇರಿದ್ದಲ್ಲ. ಯುರೋಪಿನ ಅಲ್ಬೇನಿಯಾದಲ್ಲಿ ರೊಜಾಫಾ ಅನ್ನೋ ಕೋಟೆ ಇದೆ, ಅಲ್ಲೂ ಈಗ ಮ್ಯೂಸಿಯಂ. ಮೂವರು ಅಣ್ಣತಮ್ಮಂದಿರು ಹಗಲು ಕಟ್ಟಿದ ಗೋಡೆ ರಾತ್ರಿ ಬೀಳುತ್ತೆ. ಕೊನೆಗೆ ಕಿರಿಯವನ ಹೆಂಡತಿಯನ್ನು ಗೋಡೆಯೊಳಗೆ ಸೇರಿಸಿ ಕಟ್ಟುತ್ತಾರೆ. ಮಗುವಿಗೆ ಹಾಲು ಕುಡಿಸೋಕೆ ಒಂದು ಕಿಂಡಿ ಬಿಡಿ ಅಂತ ಅವಳು ಕೇಳಿಕೊಳ್ತಾಳೆ. ನಮ್ಮ ಜನಪದದ ‘ಕೆರೆಗೆ ಹಾರ’ದಲ್ಲೂ ನೀರು ಬಾರದ ಕೆರೆಗೆ ಹೋದವಳು ಕಿರಿಸೊಸೆ ಭಾಗೀರಥಿ.

ಗಮನಿಸಿ, ಮೂರರಲ್ಲೂ ಹೋಗೋದು ಮಗನಲ್ಲ, ಮಗಳಲ್ಲ. ಬೇರೆ ಮನೆಯಿಂದ ಬಂದ ಸೊಸೆ. ಹೀಗೇ ನಡೀತು ಅನ್ನೋಕೆ ಐತಿಹ್ಯ ಸಾಕ್ಷಿಯಲ್ಲ. ಆದರೆ ಕಷ್ಟ ಬಂದಾಗ ಮನೆಯಲ್ಲಿ ಯಾರನ್ನು ಕಳೆದುಕೊಳ್ಳೋಕೆ ತಯಾರಿದ್ರು ಅನ್ನೋದಕ್ಕೆ ಸಾಕ್ಷಿ ಅಂತ ನನಗನ್ನಿಸುತ್ತೆ. ‘ತ್ಯಾಗ’ ಅಂತ ಕೈಮುಗಿಯೋದು ಸುಲಭ. ಅವಳಿಗೆ ಬೇಡ ಅನ್ನೋ ದಾರಿ ಇತ್ತಾ ಅಂತ ಕೇಳೋದು ಕಷ್ಟ.

ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ, ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದ್ರೆ ಕೋಟೆ ನಡೆಯೋ ದೂರ. ಫಲಕದಲ್ಲಿ ಗೆದ್ದವರ ನೆನಪಿದೆ. ಉಳಿದವರನ್ನು ನಾವು ನೆನಪಿಟ್ಟುಕೊಂಡು ಹೋಗೋಣ. ಮತ್ತೆ ಸಿಗೋಣ.