ಅರ್ಧ ರಸ್ತೆ ಮುಚ್ಚಿದರೆ ಪೂರ್ತಿ ದಾರಿ ನಿಲ್ಲಬೇಕೇ?

ಬೆಂಗಳೂರಿಂದ ತಿಪಟೂರು ಸುಮಾರು 140 ಕಿ.ಮೀ. ಎಷ್ಟು ಹೊತ್ತಿನ ದಾರಿ ಅಂತ ಕೇಳಿದರೆ ಮಾತ್ರ ನಮ್ಮ ಕಡೆ ಯಾರೂ ನೇರ ಉತ್ತರ ಕೊಡಲ್ಲ. ‘ಎಲ್ಲೆಲ್ಲಿ ಕೆಲಸ ನಡೀತಿದೆ ಅನ್ನೋದರ ಮೇಲೆ’ ಅಂತಾರೆ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು (ನಮ್ಮ ಬಾಯಲ್ಲಿ ಅದಿನ್ನೂ 206) ನಾಲ್ಕು ಪಥ ಮಾಡುವ ದೊಡ್ಡ ಕಾಮಗಾರಿಯ ಕಥೆ ಬೇರೆಯೇ ಇದೆ. ನಾನು ಹೇಳಹೊರಟಿದ್ದು ಸಣ್ಣ ಕೆಲಸಗಳ ಬಗ್ಗೆ: ಎರಡು ದಿನದ ಡಾಂಬರು ತೇಪೆ, ಒಂದು ಮೋರಿ ರಿಪೇರಿ, ರಸ್ತೆ ಅಡ್ಡ ಅಗೆದು ಹಾಕುವ ಒಂದು ಪೈಪು. ಕೆಲಸ ಚಿಕ್ಕದು, ಸಾಲು ಮಾತ್ರ ಕಣ್ಣಿಗೆ ಕಾಣುವವರೆಗೆ.

ನಮ್ಮ ಸೀಮೆಯಲ್ಲಿ ಇದು ಹೆಚ್ಚು ಕಾಡಲು ಕಾರಣ ಕೆ.ಬಿ. ಕ್ರಾಸ್. ಹುಳಿಯಾರು, ಚಿಕ್ಕನಾಯಕನಹಳ್ಳಿ ಕಡೆಯಿಂದ ತುರುವೇಕೆರೆಗೆ ಹೋಗುವ 150ಎ ಹೆದ್ದಾರಿ ಇಲ್ಲೇ 206 ಅನ್ನು ದಾಟುತ್ತೆ. ಒಂದು ಕೈ ಬಿಗಿದರೆ ನಾಲ್ಕೂ ಕಡೆ ಬಿಗಿಯುತ್ತೆ. ಅದರ ಮೇಲೆ ತಿಪಟೂರು ಎಪಿಎಂಸಿಯ ಕೊಬ್ಬರಿ ಹರಾಜು. ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾದ ಕೊಬ್ಬರಿ ಇನ್ನೊಂದು ಗಂಟೆ ಕಾದರೆ ಏನಾಯ್ತು ಅನ್ನಬಹುದು. ಟೆಂಡರ್ ಕಾಯಲ್ಲವಲ್ಲ. ನಮ್ಮ ಚಿಕ್ಕಪ್ಪನ ಚೀಲಗಳು ಕಳೆದ ಸಲ ಹಾಗೇ ತಡವಾಗಿ ಮಂಡಿ ಸೇರಿದವು. ‘ಬಿಡಪ್ಪಾ, ಮುಂದಿನ ಹರಾಜಿಗೆ ಹಾಕಿದ್ರಾಯ್ತು’ ಅಂದರು. ಆದರೆ ಗಾಡಿ ಬಾಡಿಗೆ ಕೊಟ್ಟಿದ್ದು ಅವರೇ, ಮುಂದಿನ ಹರಾಜಿನವರೆಗೆ ರೇಟು ಹೇಗಿರುತ್ತೋ ಅಂತ ಕಾದಿದ್ದೂ ಅವರೇ. ತುಮಕೂರಿಗೆ ಹೊರಟ ಆಂಬುಲೆನ್ಸ್‌ಗೆ ಹೀಗೆ ಮುಂದೂಡುವ ಸೌಲಭ್ಯವೂ ಇಲ್ಲ.

ಹಾಗಾದರೆ ಏನು ಮಾಡಬಹುದು? ನನ್ನ ಪ್ರಕಾರ ಎಲ್ಲಕ್ಕಿಂತ ಅಗ್ಗದ ಮದ್ದು ಮುಚ್ಚುವ ತುಂಡನ್ನು ಚಿಕ್ಕದು ಮಾಡೋದು. ಲೆಕ್ಕ ನೋಡಿ. ಎರಡು ಪಥದ ರಸ್ತೆಯಲ್ಲಿ ಒಂದು ಪಕ್ಕ 1 ಕಿ.ಮೀ. ಮುಚ್ಚಿ, ಆಚೆಯಿಂದ ಮೂರು ನಿಮಿಷ, ಈಚೆಯಿಂದ ಮೂರು ನಿಮಿಷ ಬಿಡ್ತಾರೆ ಅನ್ಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಕೊನೆಯ ಗಾಡಿ ಆ ತುಂಡು ದಾಟಲು 2 ನಿಮಿಷ ಬೇಕು. ಅಲ್ಲಿಯವರೆಗೆ ಎದುರಿನವರು ಸುಮ್ಮನೆ ನಿಂತಿರಬೇಕು. ಅಂದರೆ ಒಂದು ಸುತ್ತಿಗೆ 10 ನಿಮಿಷ, ಅದರಲ್ಲಿ ಗಾಡಿ ಬಿಡೋದು 6 ನಿಮಿಷ ಮಾತ್ರ. ಮೂರು ಸೆಕೆಂಡಿಗೊಂದು ಗಾಡಿ ಹೊರಟರೆ ಗಂಟೆಗೆ ಎರಡೂ ಕಡೆ ಸೇರಿ 720. ಅದೇ ತುಂಡು 300 ಮೀಟರ್ ಇದ್ದರೆ ದಾಟಲು 36 ಸೆಕೆಂಡು ಸಾಕು. ಅದೇ ರಸ್ತೆ, ಅದೇ ಬಾವುಟ, ಗಂಟೆಗೆ 1,000 ಗಾಡಿ! ಆದರೆ ಗುತ್ತಿಗೆದಾರರಿಗೆ ಉದ್ದ ಮುಚ್ಚಿದರೇ ಅನುಕೂಲ. ರೋಲರ್, ಪೇವರ್ ಪದೇ ಪದೇ ಜರುಗಿಸುವ ಕಷ್ಟ ಇರಲ್ಲ. ಅವರ ಅನುಕೂಲದ ಖರ್ಚು ಸಾಲಿನಲ್ಲಿ ನಿಂತವರ ತಲೆಗೆ.

ಬಾವುಟ ಹಿಡಿಯುವವರ ಬಗ್ಗೆಯೂ ಒಂದು ಮಾತು. ಎರಡು ತುದಿಯಲ್ಲಿ ಇಬ್ಬರು, ಕೈಯಲ್ಲೊಂದು ವಾಕಿಟಾಕಿ ಇದ್ದರೆ ಅರ್ಧ ಗೊಂದಲ ಹೋಗುತ್ತೆ. ರಸ್ತೆ ಕೆಲಸದ ಜಾಗದಲ್ಲಿ ಸಂಚಾರ ಹೇಗೆ ನಡೆಸಬೇಕು ಅನ್ನೋದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಎಸ್‌ಪಿ 55 ಅನ್ನುವ ಮಾರ್ಗಸೂಚಿಯೇ ಇದೆ (2014ರ ಆವೃತ್ತಿ). ಬಹಳ ಮುಂಚೆಯೇ ಎಚ್ಚರಿಕೆ ಫಲಕ, ಆಮೇಲೆ ನಿಧಾನಕ್ಕೆ ಪಥ ಬದಲಿಸುವ ಜಾಗ, ಆಮೇಲೆ ಕೆಲಸದ ಜಾಗ, ಕೊನೆಗೆ ಮತ್ತೆ ಮಾಮೂಲು ರಸ್ತೆ. ನಮ್ಮಲ್ಲಿ ಎಷ್ಟೋ ಕಡೆ ಮರಳಿನ ಮೂಟೆ, ಮುರಿದ ಕೊಂಬೆಯೇ ಫಲಕ.

ರಾತ್ರಿ ಕೆಲಸ ಮಾಡಿ ಅನ್ನೋದು ಎಲ್ಲರೂ ಕೊಡುವ ಸಲಹೆ. ನಗರದಲ್ಲಿ ಸರಿ. ನಮ್ಮ ದಾರಿಯಲ್ಲಿ ರಾತ್ರಿಯೇ ಲಾರಿಗಳ ಹೊತ್ತು. ಉತ್ತರ ಭಾರತಕ್ಕೆ ಹೋಗುವ ಕೊಬ್ಬರಿ ಲೋಡು, ಮಲೆನಾಡಿನ ಬಸ್ಸು ಎಲ್ಲ ಆಗಲೇ. ಸರಿಯಾದ ದೀಪ ಇಲ್ಲದೆ ಕತ್ತಲಲ್ಲಿ ಕೆಲಸಕ್ಕೆ ನಿಲ್ಲಿಸಿದರೆ ಜಾಮ್ ಕಡಿಮೆಯಾಗಿ ಕೂಲಿಯವರ ಜೀವ ಹೋದೀತು. ಅದಕ್ಕಿಂತ ಹರಾಜು ಇಲ್ಲದ ದಿನ ನೋಡಿ, ಶುಕ್ರವಾರ, ಭಾನುವಾರದ ಸಂಜೆ ಬಿಟ್ಟು, ಗುಬ್ಬಿ ಜಾತ್ರೆ, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ ಬಿಟ್ಟು ಕೆಲಸ ಹಚ್ಚಿದರೆ ಹೆಚ್ಚು ಲಾಭ.

ಇನ್ನು ಬದಲಿ ದಾರಿ. ಫೋನಿನ ಮ್ಯಾಪು ತೋಟದ ನಡುವಿನ ದಾರಿ ತೋರಿಸುತ್ತೆ, ಹೇಮಾವತಿ ನಾಲೆಯ ಕಿರಿದಾದ ಸೇತುವೆ ಮೇಲೆ ಎರಡು ಕಾರು ಮುಖಾಮುಖಿ ಆಗೋದನ್ನ ತೋರಿಸಲ್ಲ. ತುರುವೇಕೆರೆಯವರಿಗೆ ಕುಣಿಗಲ್, ಯಡಿಯೂರು, ಮಾಯಸಂದ್ರದ ದಾರಿ ಇದೆ. ತಿಪಟೂರಿನವರಿಗೆ ರೈಲಿದೆ. ಆದರೆ ಇವು ಉಪಯೋಗಕ್ಕೆ ಬರಬೇಕಾದರೆ ಮನೆ ಬಿಡುವ ಮುಂಚೆ ಗೊತ್ತಾಗಬೇಕು, ನಿಟ್ಟೂರು ದಾಟಿದ ಮೇಲಲ್ಲ.

ಮೊದಲೇ ಹೇಳಿದರೆ ಏನಾಗುತ್ತೆ ಅನ್ನೋದಕ್ಕೆ ನಾವೆಲ್ಲ ಹಾದುಹೋಗುವ ಪೀಣ್ಯ ಮೇಲ್ಸೇತುವೆಯೇ ಉದಾಹರಣೆ. 2021ರ ಡಿಸೆಂಬರ್‌ನಲ್ಲಿ ದೋಷ ಕಂಡು ಮುಚ್ಚಿದಾಗ ಯಾರಿಗೂ ಸಿದ್ಧತೆ ಇರಲಿಲ್ಲ, ತುಮಕೂರು ರಸ್ತೆ ಹೈರಾಣಾಯ್ತು. 2024ರ ಜುಲೈ ಕೊನೆಯಲ್ಲಿ ಭಾರೀ ವಾಹನ ಬಿಟ್ಟಾಗ ಶುಕ್ರವಾರ ಬೆಳಿಗ್ಗೆ 6ರಿಂದ ಶನಿವಾರ ಬೆಳಿಗ್ಗೆ 6ರವರೆಗೆ ಮಾತ್ರ ಅವಕ್ಕೆ ಬಂದ್, ನಿರ್ವಹಣೆಗೆ ಅಂತ ಗೊತ್ತುಮಾಡಿದರು. ದಿನ ಗೊತ್ತಿದ್ದರೆ ಲಾರಿ ಮಾಲೀಕರೂ ಅದಕ್ಕೆ ತಕ್ಕ ಹಾಗೆ ಹೊಂದಿಸಿಕೊಳ್ಳಬಹುದು.

ಲಂಡನ್ನಿನವರು ಇನ್ನೂ ಒಂದು ಹೆಜ್ಜೆ ಮುಂದೆ. 2012ರಿಂದ ಅಲ್ಲಿ ದಟ್ಟಣೆಯ ರಸ್ತೆಯನ್ನು ದಟ್ಟಣೆಯ ಹೊತ್ತಲ್ಲಿ ಅಗೆದರೆ ದಿನಕ್ಕೆ 2,500 ಪೌಂಡ್‌ವರೆಗೆ ಬಾಡಿಗೆ ಕಟ್ಟಬೇಕು. ನಮ್ಮ ಗುತ್ತಿಗೆ ಪತ್ರಗಳಲ್ಲೂ ಇಂಥದ್ದೊಂದು ಸಾಲು ಬಂದರೆ 1 ಕಿ.ಮೀ. ತುಂಡು ತಾನಾಗಿ 300 ಮೀಟರ್ ಆಗುತ್ತೆ ಅಂತ ನನ್ನ ನಂಬಿಕೆ.

ನಮ್ಮ ಪಾಲೂ ಇದೆ ಬಿಡಿ. ಸಾಲು ಕಂಡ ತಕ್ಷಣ ಬಲಗಡೆ ಹೊಕ್ಕು ಎದುರಿನವರ ದಾರಿ ತುಂಬಿಸೋದು ನಾವೇ. ಆಮೇಲೆ ಬಾವುಟದವನು ಏನು ಮಾಡಿದರೂ ಗಂಟು ಬಿಚ್ಚಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಕೆಲಸದ ಜಾಗದಲ್ಲಿ ಫಲಕ ಇಲ್ಲ, ಬಾವುಟದವರಿಲ್ಲ ಅಂದರೆ ಸಾಲಿನಲ್ಲಿ ಕೂತೇ ಹೆದ್ದಾರಿ ಸಹಾಯವಾಣಿ 1033ಕ್ಕೆ ಒಂದು ಕರೆ ಮಾಡಿ. ಡ್ರೈವ್ ಮಾಡುತ್ತಿದ್ದರೆ ಪಕ್ಕದಲ್ಲಿ ಕೂತವರ ಕೈಲಿ ಮಾಡಿಸಿ.