ನಮ್ಮ ಅಭಿಪ್ರಾಯ ಎಲ್ಲಿಂದ ಬಂತು?

ಸಲಿಂಗಪ್ರೇಮದ ಬಗ್ಗೆ ಕೇಳಿದರೆ ನಮ್ಮ ವಯಸ್ಸಿನವರಲ್ಲಿ ಮೂರು ಥರದ ಉತ್ತರ ಸಿಗ್ತದೆ. ಒಬ್ಬರು "ಅವರವರ ಜೀವನ, ನಮಗೇನು?" ಅಂತಾರೆ. ಇನ್ನೊಬ್ಬರು "ಛೀ" ಅಂತಾರೆ. ಮೂರನೆಯವರು ನಕ್ಕು ವಿಷಯ ಬದಲಾಯಿಸ್ತಾರೆ. ನಾವೆಲ್ಲ ಓದೋದು ಒಂದೇ ಸಿಲಬಸ್, ನೋಡೋದು ಅದೇ ರೀಲ್ಸ್. ಮತ್ತೆ ಉತ್ತರ ಯಾಕೆ ಬೇರೆ ಬೇರೆ?

1. ಮಾತು

ಈ ಪದಗಳು ನಮ್ಮ ಕಿವಿಗೆ ಮೊದಲು ಬೀಳೋದು ಬೈಗುಳವಾಗಿ, ಇಲ್ಲಾ ಸಿನಿಮಾ ಕಾಮಿಡಿಯಾಗಿ. ಅರ್ಥ ಆಮೇಲೆ ಗೊತ್ತಾಗ್ತದೆ. ಕನ್ನಡದಲ್ಲಿ ಹೆಚ್ಚು ಬಳಕೆಯಲ್ಲಿರೋದು 'ಸಲಿಂಗಕಾಮ'. ಹುಡುಗ ಹುಡುಗಿಯದಾದರೆ ಪ್ರೀತಿ, ಇಲ್ಲಿ ಮಾತ್ರ ಕಾಮ! ಅದಕ್ಕೇ ನಾವು ಇಲ್ಲಿ 'ಸಲಿಂಗಪ್ರೇಮ' ಅಂತ ಬರೀತಿದ್ದೀವಿ.

2. ಮನೆ, ದೇವರು

ನಮ್ಮ ಬೆಳಗಾವಿ ಜಿಲ್ಲೆಯ ಸವದತ್ತಿ ಯಲ್ಲಮ್ಮನ ಜೋಗಪ್ಪಗಳು ಗಂಡಾಗಿ ಹುಟ್ಟಿ ಸೀರೆ ಉಡುವವರು. ಅವರು ಬಾಗಿಲಿಗೆ ಬಂದರೆ ಅಜ್ಜಿಯಂದಿರು ಕೈ ಮುಗೀತಾರೆ. ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಖುಷಿಪಟ್ಟಿತು. ಆದರೆ ತಾನು ಗಂಡೋ ಹೆಣ್ಣೋ ಅನ್ನೋದು ಬೇರೆ, ಯಾರ ಮೇಲೆ ಪ್ರೀತಿ ಹುಟ್ತದೆ ಅನ್ನೋದು ಬೇರೆ. ಎರಡನೆಯದಕ್ಕೆ ದೇವಿಯ ಹೆಸರಿನ ಆಸರೆ ಇಲ್ಲ. ಅಲ್ಲಿ ಮನೆಯವರ ಉತ್ತರ ಬಹಳ ಸಲ ಒಂದೇ: "ಮದುವಿ ಮಾಡಿದ್ರ ಸರಿ ಹೋಗ್ತಾನ."

3. ಕಾನೂನು, ವೈದ್ಯಶಾಸ್ತ್ರ

1860ರಲ್ಲಿ ಬ್ರಿಟಿಷರು ತಂದ ದಂಡ ಸಂಹಿತೆಯ 377ನೇ ಕಲಂ ಇದನ್ನು ಅಪರಾಧ ಮಾಡಿತ್ತು. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿತ್ತು. ಅಂದ್ರೆ ನಮ್ಮ ಅಪ್ಪ ಅಮ್ಮ ಬೆಳೆದದ್ದು ಇದು ಅಪರಾಧ ಅನ್ನೋ ಕಾಲದಲ್ಲಿ, ನಾವು ಬೆಳೀತಿರೋದು ಬೇರೆ ಕಾಲದಲ್ಲಿ. ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಸಲಿಂಗಪ್ರೇಮವನ್ನು ಸಮಾಜ ಒಪ್ಪಬೇಕು ಅಂದ ಭಾರತೀಯರು 2014ರಲ್ಲಿ ಶೇ. 15, 2019ರಲ್ಲಿ ಶೇ. 37. ಆದರೂ ಮದುವೆಯ ಹಕ್ಕನ್ನು 2023ರಲ್ಲಿ ಕೋರ್ಟ್ ಕೊಡಲಿಲ್ಲ.

4. ಪರಿಚಯ

ನಮಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸ್ತದೆ. ಬೇರೆ ಗುಂಪಿನವರ ಜೊತೆ ಸಮಾನವಾಗಿ ಬೆರೆತರೆ ಪೂರ್ವಗ್ರಹ ಕಡಿಮೆಯಾಗ್ತದೆ ಅಂತ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಬರೆದಿದ್ದರು. ಆದರೆ ಬೆರೆಯೋದು ಹೇಗೆ? ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ಮೆರವಣಿಗೆ ನಡೀತದೆ, ಆ ಜನಜಂಗುಳಿಯಲ್ಲಿ ಯಾರು ಯಾರ ಮಗ ಅಂತ ಕೇಳೋರಿಲ್ಲ. ಗೋಕಾಕ ಫಾಲ್ಸ್‌ನಂಥ ಸಣ್ಣ ಊರಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಅವ್ವನ ಕಿವಿಗೆ ಮುಟ್ಟಿರ್ತದೆ. ಹಾಗಾಗಿ ಹೇಳಬೇಕಾದವರು ಸುಮ್ಮನಿರ್ತಾರೆ. ಅವರು ಸುಮ್ಮನಿರೋದರಿಂದ "ನಮ್ಮೂರಲ್ಲಿ ಅಂಥವರು ಯಾರೂ ಇಲ್ಲ" ಅಂದ್ಕೊಂಡು ನಾವು ನಗ್ತೀವಿ. ನಾವು ನಗೋದರಿಂದ ಅವರು ಇನ್ನೂ ಸುಮ್ಮನಾಗ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಪಕ್ಕಾ ಫೀಡ್‌ಬ್ಯಾಕ್ ಲೂಪ್.

ಲೂಪ್ ಒಡೆಯೋಕೆ ಪುಸ್ತಕವೂ ಒಂದು ದಾರಿ. ಸಂಡೂರಿನ ವಸುಧೇಂದ್ರ ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವರು. 2013ರಲ್ಲಿ ಬಂದ ಅವರ 'ಮೋಹನಸ್ವಾಮಿ' ಕಥಾಸಂಕಲನ ಓದಿದರೆ, ಒಬ್ಬ ಗೇ ಹುಡುಗನ ಪರಿಚಯ ಕನ್ನಡದಲ್ಲೇ ಆಗ್ತದೆ.

ಇನ್ನೊಂದು ದಾರಿಗೆ ದುಡ್ಡೂ ಬೇಡ. ಹಾಸ್ಟೆಲ್ ರೂಮಿನಲ್ಲಿ ಇಂಥ ಜೋಕ್ ಬಂದಾಗ ಒಬ್ಬರು ನಗದೇ ಇದ್ದರೂ ಸಾಕು. ಪಕ್ಕದ ಮಂಚದಲ್ಲಿ ಹೇಳಲಾಗದೆ ಕೂತವರು ಯಾರಾದರೂ ಇದ್ದರೆ, ಅವರು ಅದನ್ನ ಗಮನಿಸಿಯೇ ಗಮನಿಸ್ತಾರೆ.